ಮುಷ್ಟಿ ಅಂಟವಾಳ

ನೊರೆ ಬಂತು, ಬರಲಿ, ಇನ್ನೂ ಬರಲಿ, ಅಂಟವಾಳ ನೆನೆಸಿದ ನೀರನ್ನು ಕೈಯಿಂದ ಕಡೆಯುತ್ತಲೇ ಇದ್ದೇನೆ, ಬೋಗುಣಿಯ ಅಂಚು ದಾಟಿ ಬಳೆಯವರೆಗೆ ಹತ್ತಿದೆ — ಬರೀ ಸೀಗೆಕಾಯಿಗೆ ಇಷ್ಟು ನೊರೆ ಎಲ್ಲಿಂದ ಬರಬೇಕು, ಅದು ತೆಪ್ಪಗೆ ಕೊಳೆ ತೆಗೆಯುತ್ತದೆ, ಏನನ್ನೂ ಮುಚ್ಚುವುದಿಲ್ಲ, ನನಗೀಗ ಬೇಕಾದದ್ದು ಮುಚ್ಚುವುದು. ಮಗಳು ಅಲ್ಲವ್ವನ ನೆತ್ತಿಯ ಹಿಂದೆ ಅಂಗೈಯಷ್ಟು ಬೋಳು, ಶ್ರಾವಣದ ಜ್ವರ ಅವಳನ್ನು ಬಿಟ್ಟು ಕೂದಲನ್ನು ಒಯ್ದಿತು, ಒಯ್ಯಲಿ, ಜೀವ ಉಳಿಯಿತಲ್ಲ ಅಂದುಕೊಂಡಿದ್ದೆ, ಆಗ ಹೆಣ್ಣು ಕೇಳುವವರು ಬಂದಿರಲಿಲ್ಲ. ಗೋಕಾಕದ ಸಂತೆಯಿಂದ ಚವರಿ ತಂದು ಆ ಸುಳ್ಳು ಕೂದಲು ಸೇರಿಸಿ ಹೆರಳು ಹಾಕಿದ್ದೆ, ನಿನ್ನೆ ಹುಡುಗನ ದೊಡ್ಡವ್ವ ಗೌರಕ್ಕ ಬೆಲ್ಲದ ಬಾಗೇವಾಡಿಯಿಂದ ಬಂದು ಚಕ್ಕಡಿ ಇಳಿದವಳೇ ಹೆರಳನ್ನು ಅಂಗೈಯಲ್ಲಿ ತೂಗಿ, ಛಲೋ ಐತಿ ಅಂದಳು, ಗೆದ್ದೆ ಅಂದುಕೊಂಡೆ, ಊಟವಾದ ಮೇಲೆ ಮತ್ತೆ ಅಂದಳು, ನಾಳೆ ತಲಿ ನಾನ ಎರೀತೀನಿ, ನಮ್ಮ ಮನ್ಯಾಗ ಹಂಗ ಪದ್ಧತಿ, ಹಿರ್ಯಾಕಿ ಎರದ ಮ್ಯಾಲನ ಮಾತ ಪಕ್ಕಾ. ಎಂಥ ಹಾಳು ಪದ್ಧತಿಯೋ! ಬ್ಯಾಡ್ರಿ ಯಕ್ಕಾ, ದಣದ ಬಂದೀರಿ ಅಂದರೆ ಕೇಳಬೇಕಲ್ಲ. ಎರಡು ಕಾಯಿ ಸಾಕು ಎನ್ನುತ್ತಿದ್ದಳು ನನ್ನವ್ವ, ಹೆಚ್ಚಾದರೆ ತಲೆ ಉರಿಯುತ್ತದೆ, ಮೆಂತೆ ಹಾಕು, ದಾಸವಾಳದ ಎಲೆ ಹಾಕು, ತಂಪು — ಲೋಳೆಗೆ ನೊರೆ ಕೂತುಬಿಟ್ಟೀತೆಂದು ಅವೆರಡನ್ನೂ ಬಿಟ್ಟೆ, ಅಂಟವಾಳ ಮಾತ್ರ ಮುಷ್ಟಿ ತುಂಬ. ಒಂದು ದಿನ ಉರಿದರೆ ಏನಾಯಿತು, ಹುಡುಗಿಯ ಬಾಳು ದೊಡ್ಡದು.

ಗಿರಣಿಯ ಭೋಂಗಾ ಕೂಗಿತು, ಅಲ್ಲವ್ವ ಬಚ್ಚಲಲ್ಲಿ ಮುದುಡಿ ಕೂತಿದ್ದಾಳೆ, ಬಿಚ್ಚಿದ ಚವರಿ ನನ್ನ ಉಡಿಯಲ್ಲಿದೆ, ಗೌರಕ್ಕ ಬರುವ ಮೊದಲೇ ನೊರೆಯನ್ನೆಲ್ಲ ತಲೆಗೆ ಮೆತ್ತಿದೆ, ಕಾಣುವುದಿಲ್ಲ, ಶಿವನೇ, ಬೋಳು ಕಾಣುವುದಿಲ್ಲ, ಮೇಲೆ ಎರಡು ತಂಬಿಗೆ ನೀರು ಬಿದ್ದ ಕೂಡಲೇ ಅರಿವೆ ಸುತ್ತಿಬಿಡುತ್ತೇನೆ. ಬಂದಳು, ಸೆರಗು ಸಿಕ್ಕಿಸಿ ಕೂತಳು. ಅವ್ವಾ, ಉರೀತೈತಿ. ತಡಕೋ. ಅವ್ವಾ, ಭಾಳ ಉರೀತೈತಬೇ. ತಡಕೋ ನನ್ನವ್ವಾ, ಈಗ ಮುಗೀತೈತಿ — ಗೌರಕ್ಕ ನನ್ನ ಮುಖ ನೋಡಿದಳು, ತಂಬಿಗೆ ಬಿಟ್ಟು ತಣ್ಣೀರಿನ ಕೊಡವನ್ನೇ ಎತ್ತಿ ಬೋರಲು ಹಾಕಿದಳು, ನೊರೆಯೆಲ್ಲ ಮೋರಿಗೆ, ಅರಿವೆ ನನ್ನ ಕೈಯಲ್ಲೇ ಉಳಿಯಿತು. ಏ ಕಾಶೆವ್ವಾ, ಜ್ವರದಾಗ ಕೂದಲ ಹೋದ ತಲಿ ಇದು, ನನಗ ತಿಳಿಯಂಗಿಲ್ಲೇನ? ಇದಕ್ಕ ಇಷ್ಟ ಅಂಟವಾಳ ಹಾಕ್ತಾರ? ಕೂದಲ ಮತ್ತ ಬರ್ತಾವ, ತೊಗಲ ಸುಟ್ಟೀಯಲ್ಲಬೇ! ಏಳ, ಮಜ್ಜಿಗಿ ತಗೊಂಡ ಬಾ, ನಮ್ಮ ಹುಡುಗಿ ತಲಿಗೆ ಹಚ್ಚೂಣು — ನಮ್ಮ ಹುಡುಗಿ ಅಂದಳು, ಅಂದಳಲ್ಲ, ಖರೆ ಅಂದಳು, ಏಳಬೇಕು, ಮಜ್ಜಿಗೆ ನೆಲುವಿನ ಮೇಲಿದೆ, ಏಳಬೇಕು, ಮುಂಜಾನೆ ಬೆಳ್ಳಗಿತ್ತು ಆ ಬೋಳು, ಅಂಗೈಯಷ್ಟು ಬೆಳ್ಳಗೆ, ಈಗ ಕೆಂಪು, ಅಂಗೈಯಷ್ಟು ಕೆಂಪು, ನನ್ನ ಅಂಗೈಯಷ್ಟು