ಆಚೆ ದಡ

ಹದಿಮೂರು ಗಂಟೆಗಳ ತರಬೇತಿ ಮುಗಿಯುತ್ತಲೇ ಪ್ರತಿಮಾಳನ್ನು ಒಬ್ಬಳನ್ನೇ ವಿಮಾನ ಹಾರಿಸಲು ಬಿಟ್ಟರು. ಕುಮುದಾಗೆ ಹದಿನೆಂಟು ಗಂಟೆ ಬೇಕಾಯಿತು. ಈ ಐದು ಗಂಟೆ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡು ಎರಡು ತಿಂಗಳಾಗಿತ್ತು.

ಅಷ್ಟಕ್ಕೂ ಪ್ರತಿಮಾ ಯಾರು? ಶರಾವತಿ ಹಿನ್ನೀರಿನ ಪಶ್ಚಿಮ ದಡದ ತುಮರಿಯ ಸೀತಾರಾಮಪ್ಪನ ಮಗಳು. ಸೇತುವೆ ಆಗುವ ಮೊದಲು ದಿನಾ ಲಾಂಚಿನಲ್ಲಿ ಹಿನ್ನೀರು ದಾಟಿ ಸಾಗರದ ಕಾಲೇಜಿಗೆ ತಡವಾಗಿ ಬಂದು, ಕುಮುದಾಳ ನೋಟ್ಸು ನೋಡಿ ಬರೆದುಕೊಂಡವಳು. ಹೊಸನಗರದ ರಸ್ತೆಯಲ್ಲಿ ವಿಮಾನ ತರಬೇತಿ ಶಾಲೆ ಶುರುವಾದಾಗ ಅವಳಿಗೆ ಅರ್ಜಿ ತಂದುಕೊಟ್ಟವಳೂ ಕುಮುದಾಳೇ. ಈಗ ನೋಡಿದರೆ ಸೇತುವೆಯ ಪಕ್ಕ ಪ್ರತಿಮಾಳ ಫ್ಲೆಕ್ಸು! ‘ನಮ್ಮೂರ ಹೆಮ್ಮೆ’ಯಂತೆ. ಸಾಗರದಲ್ಲಿ ಟೈರ್ ಅಂಗಡಿ ಇಟ್ಟಿರುವ ಕುಮುದಾಳ ಅಪ್ಪ ಯೋಗರಾಜ್ ಕೂಡ ಅದರ ಫೋಟೊ ಹೊಡೆದು ಮನೆಯವರಿಗೆಲ್ಲ ತೋರಿಸಿದ. ಅವತ್ತು ಕುಮುದಾ ಊಟ ಬಿಟ್ಟಳು. ಹೊಟ್ಟೆ ತುಂಬ ಕಿಚ್ಚೇ ಇರುವಾಗ ಅನ್ನಕ್ಕೆ ಜಾಗವೆಲ್ಲಿ?

ಮಳೆಗಾಲಕ್ಕೆ ಮುಂಚೆ ದೂರದ ಹಾರಾಟಕ್ಕೆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಅವಕಾಶವಿತ್ತು. ಯಾರೆಂದು ಈ ವಾರದ ಅಭ್ಯಾಸ ನೋಡಿ ಹೇಳುತ್ತೇನೆಂದಿದ್ದರು ಬೋಧಕ ಮುಕುಂದಯ್ಯ. ತೀರ್ಥಹಳ್ಳಿ ಕಡೆಯವರು, ಮಾತು ಕಡಿಮೆ, ಕಿವಿ ಚುರುಕು.

ಆ ಬೆಳಿಗ್ಗೆ ಗೆಳತಿಯರಿಬ್ಬರೂ ಒಂದೊಂದು ವಿಮಾನದಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಭ್ಯಾಸಕ್ಕೆ ಹೊರಟರು. ಅಲ್ಲಿ ದಾರಿ ಹೇಳುವ ಟವರ್ ಇಲ್ಲ. ಯಾರು ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಎಂದು ರೇಡಿಯೋದಲ್ಲಿ ತಾವೇ ಹೇಳಿಕೊಳ್ಳಬೇಕು. ಒಬ್ಬರು ಒಂದು ದಡದ ಮೇಲಿದ್ದರೆ ಇನ್ನೊಬ್ಬರು ಇನ್ನೊಂದು ದಡಕ್ಕೆ ಹೋಗಬೇಕು. ಪೂರ್ವ, ಪಶ್ಚಿಮ ಎಂದೇ ಹೇಳಿ ಎಂದು ಮುಕುಂದಯ್ಯ ಹೇಳಿ ಹೇಳಿ ಸೋತಿದ್ದರು.

“ನಾ ಈಚೆ ದಡದಲ್ಲಿರ್ತೀನಿ, ನಾಲ್ಕು ಸಾವಿರ ಅಡಿ” ಎಂದು ಕುಮುದಾ ಹೇಳಿದಳು. ಅವಳಿದ್ದದ್ದು ಸಾಗರದ ಕಡೆ.

ಸ್ವಲ್ಪ ಹೊತ್ತಿಗೆ ಪ್ರತಿಮಾಳ ದನಿ ಬಂತು. “ಹಂಗಾರೆ ನಾ ಆಚೆ ದಡಕ್ಕೆ ಬರ್ತಿದೀನಿ ಕಣೆ. ನಂದೂ ನಾಲ್ಕು ಸಾವಿರ.”

ಕುಮುದಾಗೆ ಥಟ್ಟನೆ ಹೊಳೆಯಿತು. ಕಾಲೇಜಿನ ದಿನಗಳಲ್ಲಿ ಒಮ್ಮೆ ಪ್ರತಿಮಾ “ಆಚೆ ದಡದಲ್ಲಿ ಕಾಯ್ತೀನಿ” ಎಂದಿದ್ದಳು. ಕುಮುದಾ ಲಾಂಚು ಹತ್ತಿ ತುಮರಿ ಕಡೆ ಹೋಗಿ ಎರಡು ಗಂಟೆ ಕೂತಳು. ಪ್ರತಿಮಾ ಸಾಗರದ ಕಡೆ ಕಾಯುತ್ತಿದ್ದಳು. ತುಮರಿಯವರಿಗೆ ಆಚೆ ದಡವೆಂದರೆ ಸಾಗರದ್ದು! ಇದನ್ನು ನೆನೆದು ಇಬ್ಬರೂ ವರ್ಷಗಟ್ಟಲೆ ನಕ್ಕಿದ್ದರು. ಅಂದರೆ ತನ್ನ ‘ಈಚೆ’ಯನ್ನು ತುಮರಿ ಎಂದು ತಿಳಿದು ಪ್ರತಿಮಾ ಈಗ ನೇರ ತನ್ನ ಕಡೆಗೇ ಬರುತ್ತಿದ್ದಾಳೆ.

‘ಯಾವ ಆಚೆ?’ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೆಳಗೆ ಮುಕುಂದಯ್ಯ ರೇಡಿಯೋ ಕೇಳುತ್ತಿದ್ದರು. ಅವರ ಲೆಕ್ಕದಲ್ಲಿ ಆಚೆಯೆಂದರೆ ತುಮರಿ. ಹದಿಮೂರು ಗಂಟೆಯ ಜಾಣೆ ಹೇಳಿದ್ದೊಂದು, ಹೋದದ್ದೊಂದು ಎಂದು ಅವರಿಗೂ ಗೊತ್ತಾಗಲಿ. ತಾನು ಕೆಳಗಿಳಿದು ಜಾಗ ಬಿಟ್ಟು, ಅವಳು ಈಚೆ ದಡಕ್ಕೆ ಬಂದಿದ್ದಾಳೆಂದು ರೇಡಿಯೋದಲ್ಲಿ ಹೇಳಿದರಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

“ಸರಿ” ಎಂದಳು ಕುಮುದಾ.

ಇಳಿಯುವ ಮುಂಚೆ ಪ್ರತಿಮಾ ಎಲ್ಲಿದ್ದಾಳೆಂದು ಎಡಕ್ಕೆ ಹುಡುಕಿದಳು. ಅವಳು ಬಂದದ್ದು ಬಲದಿಂದ. ಗಾಜಿನ ತುಂಬ ಬಿಳಿ ರೆಕ್ಕೆ! ಕುಮುದಾ ಕಿರುಚಿಕೊಂಡು ವಿಮಾನದ ಮೂತಿಯನ್ನು ಕೆಳಕ್ಕೆ ತಳ್ಳಿದಳು. ನೆತ್ತಿಯ ಮೇಲೆ ಹಾದುಹೋದ ಚಕ್ರಗಳಿಗೆ ಮೆತ್ತಿದ ಮಣ್ಣು ಕೂಡ ಕಂಡಿತು. ಆಮೇಲೆ ಹೇಗೆ ಹಿಂತಿರುಗಿ ಇಳಿದಳೋ ಅವಳಿಗೇ ನೆನಪಿಲ್ಲ.

ಮುಕುಂದಯ್ಯನವರ ಕೋಣೆಯಲ್ಲಿ ಪ್ರತಿಮಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. “ನಮ್ಮ ಕಡೆ ಹಂಗೇ ಅನ್ನದು ಸಾರ್. ಬಾಯಿಗೆ ಬಂದ್ಬಿಡ್ತು.” ಕುಮುದಾಳನ್ನು ಕಂಡವಳೇ ತಬ್ಬಿಕೊಂಡಳು. “ನನ್ನಿಂದ ನೀ ಸಾಯ್ತಿದ್ದೆ ಕಣೆ.”

ಮುಕುಂದಯ್ಯ ವರದಿ ಬರೆಯಲು ಪೆನ್ನು ತೆಗೆದರು. “ಮಳೆಗಾಲ ಮುಗಿಯೋವರೆಗೂ ಪ್ರತಿಮಾ ಹಾರೋ ಹಂಗಿಲ್ಲ. ದೂರದ ಹಾರಾಟಕ್ಕೆ ಕುಮುದಾನೇ ಹೋಗ್ಲಿ. ಆಚೆ ಅಂದ್ರೆ ತುಮರಿ ಕಡೆ ಅಂತ್ಲೇ ನೀ ತಿಳ್ಕೊಂಡ್ಯಲ್ಲಮ್ಮ?”

“ಆ ಗಡಿಬಿಡೀಲಿ ಅವ್ಳಿಗೆ ಹೆಂಗೆ ಗೊತ್ತಾಗ್ಬೇಕು ಸಾರ್? ಅವ್ಳದೇನೂ ತಪ್ಪಿಲ್ಲ” ಎಂದಳು ಪ್ರತಿಮಾ.

ಎರಡು ತಿಂಗಳಿಂದ ಬಯಸಿದ್ದು ಕೈಗೇ ಬಂದು ಬಿದ್ದಿತ್ತು. ಒಮ್ಮೆ ತಲೆಯಾಡಿಸಿದರೆ ಸಾಕು. ಆದರೆ ಪ್ರತಿಮಾಳ ಕಣ್ಣೀರು ಭುಜಕ್ಕೆ ಬಿಸಿಯಾಗಿ ತಾಗುತ್ತಿತ್ತು, ತಲೆ ಆಡಲಿಲ್ಲ.

“ಗೊತ್ತಾಗಿತ್ತು ಸಾರ್. ಇವ್ಳು ಹೇಳಿದ್ ಕೂಡ್ಲೇ ಗೊತ್ತಾಗಿತ್ತು. ಇವ್ಳು ನಿಮ್ಮ ಕೈಗೆ ಸಿಕ್ಕಿಬೀಳ್ಲಿ ಅಂತ ಸುಮ್ಮನಿದ್ದೆ.”

ಮುಕುಂದಯ್ಯ ದೂರದ ಹಾರಾಟದ ಪಟ್ಟಿಯಲ್ಲಿದ್ದ ಇಬ್ಬರ ಹೆಸರನ್ನೂ ಹೊಡೆದುಹಾಕಿ ಎದ್ದು ಹೊರಗೆ ಹೋದರು.

ಪ್ರತಿಮಾ ತಬ್ಬಿದ್ದ ಕೈ ತೆಗೆದು ದುಪಟ್ಟಾದಿಂದ ಮುಖ ಒರೆಸಿಕೊಂಡಳು. ಬಾಗಿಲವರೆಗೆ ಹೋಗಿ ನಿಂತಳು.

“ಆಚೆ ಅಂದಿದ್ದು ನನ್ನ ತಪ್ಪೇಯ” ಎಂದಳು. “ಆದ್ರೆ ನೀ ಸರಿ ಅಂದ್ಯಲ್ಲೆ, ಕುಮುದಾ.”