ಗುಬ್ಬಿಯ ಹೆಸರಿನಲ್ಲಿ ಓದಿದ್ದು

ನನ್ನ ಮಗಳು ಮನೆಯಲ್ಲಿ ಮಾತಾಡುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅವಳನ್ನು ಶಾಲೆಯಲ್ಲಿ ಮಾತ್ರ ಕಂಡವರು ಯಾರೂ ಅದನ್ನು ನಂಬುತ್ತಿರಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ತಲೆ ಬಾಚಿಸಿಕೊಳ್ಳುವವರೆಗೆ ಅವಳ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಅದಕ್ಕೇ ಅವಳ ಅಜ್ಜಿ ಗುಬ್ಬಿ ಎಂದು ಹೆಸರಿಟ್ಟದ್ದು. ಶಾಲೆಯ ಗೇಟು ದಾಟಿದ ಕೂಡಲೇ ಅದೇ ಬಾಯಿ ಹೊಲಿದಂತೆ ಮುಚ್ಚಿಕೊಳ್ಳುತ್ತಿತ್ತು. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು. ಬಾಯಾರಿದರೆ ಸಹಿಸಿಕೊಳ್ಳುತ್ತಿದ್ದಳು. ಒಮ್ಮೆ ಆಟದ ಬಯಲಿನಲ್ಲಿ ಬಿದ್ದು ಮೊಣಕೈ ಮೂಳೆ ಬಿರುಕು ಬಿಟ್ಟಾಗಲೂ ಸಂಜೆ ನಾನು ಹೋಗುವ ತನಕ ಯಾರಿಗೂ ಹೇಳಿರಲಿಲ್ಲ. ಒಂಬತ್ತು ವರ್ಷದ ಮಗು, ಊದಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಪೀರಿಯಡ್ ಕೂತಿತ್ತು.

ಆಗ ಕ್ಲಾಸ್ ಟೀಚರ್ ಹೆದರಿ ಒಂದು ಪತ್ರ ಬರೆದರು. ಅದರಿಂದ ನಮಗೆ ಬುಧವಾರದ ಟೀಚರ್ ಸಿಕ್ಕಿದರು.

ಅವರು ವಿಶೇಷ ನೆರವು ಬೇಕಾದ ಮಕ್ಕಳಿಗಾಗಿ ನಾಲ್ಕೈದು ಶಾಲೆಗಳನ್ನು ಸುತ್ತುವವರು. ನಮ್ಮ ಶಾಲೆಗೆ ಬುಧವಾರ ಬಂದು, ಲೈಬ್ರರಿಯ ಪಕ್ಕದ ಪುಟ್ಟ ಕೋಣೆಯಲ್ಲಿ ಗುಬ್ಬಿಯ ಜೊತೆ ಅರ್ಧ ಗಂಟೆ ಕೂರುತ್ತಿದ್ದರು. ಮಾತಾಡು ಎಂದು ಅವರು ಒಂದು ಸಲವೂ ಹೇಳಲಿಲ್ಲವಂತೆ. ಬಣ್ಣದ ಪೆನ್ಸಿಲ್ ಹರಡಿಕೊಂಡು ತಮ್ಮ ಪಾಡಿಗೆ ತಾವು ಚಿತ್ರ ಬರೆಯುತ್ತಾ, ಬೇಕೆಂದೇ ತಪ್ಪು ತಪ್ಪಾಗಿ ಗೊಣಗುತ್ತಿದ್ದರಂತೆ. ಈ ಹಸುವಿಗೆ ಮೂರೇ ಕಾಲು ಸಾಕು. ಈ ಹಸಿರು ಪೆನ್ಸಿಲ್ ಎಷ್ಟು ಕೆಂಪಗಿದೆ. ನನ್ನ ಮಗಳಿಗೆ ತಪ್ಪು ಎಂದರೆ ಕಣ್ಣಿಗೆ ಕಸ ಬಿದ್ದ ಹಾಗೆ. ಮೂರು ತಿಂಗಳು ತಡೆದುಕೊಂಡಳು. ನಾಲ್ಕನೆಯ ತಿಂಗಳು ಒಂದು ಬುಧವಾರ, ಟೀಚರ್ ನೀಲಿ ಪೆನ್ಸಿಲ್ ಎತ್ತಿ ಹಳದಿ ಎಂದಾಗ, “ನೀಲಿ” ಎಂದುಬಿಟ್ಟಳು.

ಆ ಟೀಚರ್ ಸಂಜೆ ನನಗೆ ಫೋನ್ ಮಾಡಿ ಅಷ್ಟನ್ನೇ ಹೇಳಿದರು. ನಾನು ಕೆಲಸ ಮಾಡುವ ಲಾಂಡ್ರಿಯ ಹಿಂಬಾಗಿಲಲ್ಲಿ ನಿಂತು, ಒದ್ದೆ ಚಾದರಗಳ ರಾಶಿಗೆ ಒರಗಿಕೊಂಡು ಅತ್ತೆ.

ಆಮೇಲೆ ಒಂದು ಪದ ಎರಡಾಯಿತು, ಎರಡು ಒಂದು ವಾಕ್ಯವಾಯಿತು. ಬುಧವಾರ ಮಾತ್ರ, ಆ ಕೋಣೆಯಲ್ಲಿ ಮಾತ್ರ, ಪಿಸುದನಿಯಲ್ಲಿ. ಅವಸರ ಮಾಡಬೇಡಿ, ಇನ್ನೊಂದು ವರ್ಷ ಹೀಗೇ ಹೋಗಲಿ, ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ ಎಂದು ಟೀಚರ್ ಹೇಳಿದ್ದರು. ನನಗೆ ಅವಸರವೇನೂ ಇರಲಿಲ್ಲ.

ಟ್ಯಾಬ್‌ಗಳು ಬಂದದ್ದು ಆ ನಡುವೆ. ಮಕ್ಕಳಲ್ಲಿ ಆತ್ಮವಿಶ್ವಾಸ ಬೆಳೆಯಬೇಕು, ಕಲಿಕೆಯಲ್ಲಿ ಆಸಕ್ತಿ ಹೆಚ್ಚಬೇಕು, ಹೊಸ ಕಾಲದ ಸಾಧನಗಳು ಕೈಗೆ ಪಳಗಬೇಕು ಎಂದು ಹೆಡ್‌ಮಿಸ್ ಪೋಷಕರ ಸಭೆಯಲ್ಲಿ ವಿವರಿಸಿದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದ ಹುಡುಗರೂ ಎಚ್ಚರಾದದ್ದನ್ನು ನಾನೇ ಕಂಡಿದ್ದೇನೆ. ದಿನಾ ಮನೆಯಲ್ಲಿ ನಾಲ್ಕು ನಿಮಿಷ ಒಂದು ಪಾಠವನ್ನು ಅದಕ್ಕೆ ಜೋರಾಗಿ ಓದಿ ಕೇಳಿಸಬೇಕು, ಸಂಜೆ ಆರರೊಳಗೆ. ಮಗು ಎಷ್ಟು ತಡವರಿಸಿತು, ದನಿ ಎಷ್ಟು ಗಟ್ಟಿಯಿತ್ತು ಎಂದು ಅದೇ ಅಳೆದು ಬಣ್ಣ ಕೊಡುತ್ತದೆ: ಕೆಂಪು, ಹಳದಿ, ಹಸಿರು. ಓದದಿದ್ದರೆ ಬೂದು. ಮರುದಿನ ತರಗತಿಯ ಬಾಗಿಲ ಬಳಿಯ ಪರದೆಯಲ್ಲಿ ಎಲ್ಲರ ಬಣ್ಣವೂ ಕಾಣುತ್ತದೆ.

ಗುಬ್ಬಿ ಅದಕ್ಕೂ ಬಾಯಿ ಬಿಡಲಿಲ್ಲ. “ಅದರೊಳಗೆ ಮಿಸ್ ಇದ್ದಾರೆ” ಎಂದಳು. ಕೇಳಿಸಿಕೊಳ್ಳುತ್ತಾರೆ ಎಂಬ ಅರ್ಥದಲ್ಲಿ. ಮೂವತ್ತಾರು ಬಣ್ಣಗಳ ನಡುವೆ ದಿನಾ ಒಂದೇ ಒಂದು ಬೂದು. ಹುಡುಗರು ಅವಳನ್ನು ‘ಬ್ಯಾಟರಿ ಡೌನ್’ ಎಂದು ಕರೆಯತೊಡಗಿದರು. ಎರಡನೆಯ ವಾರ ಅವಳು ಬೆಳಗ್ಗೆ ಹೊಟ್ಟೆನೋವು ಎಂದು ಮಗ್ಗುಲು ಮಗುಚಿ ಮಲಗತೊಡಗಿದಳು.

ಒಂದು ಸಂಜೆ ಐದೂಮುಕ್ಕಾಲಾಗಿತ್ತು. ಅವಳು ಟ್ಯಾಬನ್ನು ಮಂಡಿಯ ಮೇಲಿಟ್ಟುಕೊಂಡು ಅದರ ಗುಂಡಿಯನ್ನೇ ನೋಡುತ್ತಾ ಕೂತಿದ್ದಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿಯಲ್ಲಿ ರಕ್ತ ಬಂದಿತ್ತು. ನಾನು ಪಾತ್ರೆ ತೊಳೆಯುವುದನ್ನು ಬಿಟ್ಟು, ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡೆ. ದನಿ ಸಣ್ಣ ಮಾಡಿ, ಗುಂಡಿ ಒತ್ತಿ ಪಾಠ ಓದಿದೆ. ನೀರಾವಿ ಮೋಡವಾಗುವ ಪಾಠ. ಕೆಂಪು ಬಂತು.

ಗುಬ್ಬಿ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ವಾರದಿಂದ ಆ ನಗು ಕೇಳಿರಲಿಲ್ಲ. “ಅಮ್ಮಾ, ಎಷ್ಟು ಕೆಟ್ಟದಾಗಿ ಓದ್ತೀಯ” ಎಂದಳು.

ಹೀಗೆ ಶುರುವಾಯಿತು. ಮರುದಿನದಿಂದ ಅವಳೇ ನನ್ನ ಟೀಚರ್. ಚುಕ್ಕಿ ಇದ್ದಲ್ಲಿ ನಿಲ್ಲು, ಮೂಗಿನಲ್ಲಿ ಓದಬೇಡ, ನನ್ನ ಥರ ಓದು ಅಂದ್ರೆ ನಿನ್ನ ಥರಾನೇ ಓದ್ತೀಯಲ್ಲ. ಓದುವ ಮೊದಲು ಇಡೀ ಪಾಠವನ್ನು ತಾನು ಒಂದು ಸಲ ಹೇಳಿಕೊಡುತ್ತಿದ್ದಳು, ಗುಂಡಿ ಒತ್ತುವ ಮುಂಚೆ, ಗಟ್ಟಿ ದನಿಯಲ್ಲಿ, ಎಷ್ಟು ಚೆನ್ನಾಗಿ! ಗುಂಡಿ ಒತ್ತಿದರೆ ಮಾತ್ರ ನನ್ನ ಕಡೆ ನೂಕುತ್ತಿದ್ದಳು. ಒಂದೂವರೆ ವಾರಕ್ಕೆ ಹಳದಿ. ತಿಂಗಳಿಗೆ ಹಸಿರು.

ನಾನು ಲಾಂಡ್ರಿಯಲ್ಲಿ ಇಸ್ತ್ರಿ ಹಿಡಿದೇ ಅಭ್ಯಾಸ ಮಾಡುತ್ತಿದ್ದೆ. ನನ್ನ ಎದುರು ನಿಂತು ಚಾದರ ಮಡಿಸುವ ಅಕ್ಕ ಎರಡು ದಿನ ಕೇಳಿ ಮೂರನೆಯ ದಿನ, “ಇದೇನೇ, ನಿನ್ನ ಗಂಟಲಿಗೆ ಇಲಿ ಹೊಕ್ಕಿದೆಯಾ?” ಎಂದಳು. ವಿಷಯ ಹೇಳಿದೆ. ಅವಳು ನಗಲಿಲ್ಲ. ಚಾದರದ ಎರಡು ಮೂಲೆ ಜೋಡಿಸಿ, ಮಡಿಸಿ, ಮೇಲಿಟ್ಟು, ನಿನ್ನ ಮಗಳಿಗೆ ನಡೆಯೋಕೆ ಆಗಲ್ಲ ಅಂತ ನೀನು ಓಡಿದ ಹಾಗಾಯ್ತಲ್ಲ ಎಂದಳು. ಸ್ವಲ್ಪ ದಿನದ ಮಟ್ಟಿಗೆ ಅಕ್ಕ, ಬುಧವಾರದ ಟೀಚರ್ ಇದ್ದಾರಲ್ಲ, ಅವಳೇ ಓದುವ ದಿನ ಬರುತ್ತೆ ಎಂದೆ. ನಾನು ಅದನ್ನು ನಂಬಿದ್ದೆ.

ಅವಧಿಯ ಕೊನೆಗೆ ಶಾಲೆಯಿಂದ ಒಂದು ಕಾಗದ ಬಂತು. ನನ್ನ ಗಂಡ ಬಸ್ ಓಡಿಸುವವರು, ಮನೆಗೆ ಬರುವ ಹೊತ್ತಿಗೆ ಮಾತಾಡುವ ತ್ರಾಣವೂ ಇರುವುದಿಲ್ಲ. ಅವತ್ತು ನಿಂತಲ್ಲೇ ಎರಡು ಸಲ ಗಟ್ಟಿಯಾಗಿ ಓದಿದರು. ನಿಮ್ಮ ಮಗುವಿನ ಆತ್ಮವಿಶ್ವಾಸ ಗಮನಾರ್ಹವಾಗಿ ಹೆಚ್ಚಿದೆ. ತರಗತಿಯಲ್ಲೇ ಅತಿ ಹೆಚ್ಚು ಪ್ರಗತಿ. ವಿಶೇಷ ನೆರವಿನ ಅಗತ್ಯ ಈಗ ಕಂಡುಬರುವುದಿಲ್ಲ. ಅವರಿಗೆ ನಾವಿಬ್ಬರೂ ಏನನ್ನೂ ಹೇಳಿರಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಷರ್ಟಿನ ಜೇಬಿಗೆ ಹಾಕಿಕೊಂಡರು, ಡಿಪೋದಲ್ಲಿ ತೋರಿಸಲು. ಕೊನೆಯ ವಾಕ್ಯವನ್ನು ನಾನೂ ಕೇಳಿದೆ. ಹೊಗಳಿಕೆ ಎಂದೇ ಅಂದುಕೊಂಡೆ.

ಮುಂದಿನ ಬುಧವಾರ ಮಗಳು ಮನೆಗೆ ಬಂದು ಬ್ಯಾಗ್ ಇಳಿಸದೆ ಬಾಗಿಲಲ್ಲೇ ನಿಂತಳು. ಟೀಚರ್ ಬರಲಿಲ್ಲ ಎಂದಳು. ಪೆನ್ಸಿಲ್ ತೆಗೆದುಕೊಂಡು ಆ ಕೋಣೆಗೆ ಹೋದೆ, ಅಲ್ಲಿ ಟ್ಯಾಬ್ ಚಾರ್ಜಿಗೆ ಹಾಕೋ ಕಪಾಟು ಇಟ್ಟಿದ್ದಾರೆ ಎಂದಳು.

ಆಗ ನನಗೆ ಕಾಗದದ ಆ ಕೊನೆಯ ವಾಕ್ಯದ ಅರ್ಥವಾಯಿತು.

ಮರುದಿನ ಬೆಳಗ್ಗೆ ಮಡಿಸುವ ಅಕ್ಕನಿಗೆ ನನ್ನ ಪಾಲಿನ ಕೆಲಸ ಒಪ್ಪಿಸಿ ಶಾಲೆಗೆ ಹೋದೆ. ಹೆಡ್‌ಮಿಸ್ ಒಳ್ಳೆಯವರು. ಕೂರಿಸಿದರು, ನೀರು ತರಿಸಿದರು, ನಿಮ್ಮ ಮಗಳ ಬಗ್ಗೆ ನಮಗೆಲ್ಲ ಹೆಮ್ಮೆ ಎಂದರು. ನಾನು ಹೇಳಿದೆ, ಆ ದನಿ ಅವಳದಲ್ಲ, ನನ್ನದು ಎಂದು. ಅವರು ನಂಬಲಿಲ್ಲ. ತಾಯಂದಿರು ಪಕ್ಕದಲ್ಲಿ ಕೂತು ಹೇಳಿಕೊಡೋದು ತಪ್ಪೇನಲ್ಲ ಎಂದು ಸಮಾಧಾನ ಹೇಳಿದರು. ಕೊನೆಗೆ ನಾನು ಕುರ್ಚಿಯ ತುದಿಗೆ ಸರಿದು, ಮೇಜಿನ ಮೇಲಿದ್ದ ಪುಸ್ತಕ ತೆರೆದು, ಆ ಸಣ್ಣ ದನಿಯಲ್ಲಿ ಓದಿ ತೋರಿಸಿದೆ. ಮೂವತ್ತೇಳು ವರ್ಷದ ಹೆಂಗಸು. ಮೂಲೆಯಲ್ಲಿ ಟೈಪ್ ಮಾಡುತ್ತಿದ್ದ ಗುಮಾಸ್ತ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದ. ಅರ್ಧ ಪುಟ ಓದುವಷ್ಟರಲ್ಲಿ ಹೆಡ್‌ಮಿಸ್ ಕೈ ಎತ್ತಿ ಸಾಕು ಎಂದರು.

ಮೇಜಿನ ಡ್ರಾಯರ್ ಎಳೆದು ಒಂದು ಪಟ್ಟಿಯನ್ನು ತೆಗೆದು ನೋಡಿದರು.

“ಬುಧವಾರದ ಟೀಚರ್ ಹತ್ರ ಅವಳ ಜಾಗ ಬೇರೆ ಶಾಲೆಯ ಮಗುವಿಗೆ ಕೊಟ್ಟಾಗಿದೆಯಮ್ಮ” ಎಂದರು. “ಅದೂ ಮಾತಾಡದ ಮಗುವೇ.”

ಕ್ಲಾಸ್ ಟೀಚರ್ ಮತ್ತೊಂದು ಪತ್ರ ಬರೆದರೆ ಆಗುವುದಿಲ್ಲವೇ ಎಂದು ಕೇಳಿದೆ. ಮೊದಲು ಆಗುತ್ತಿತ್ತು, ಈಗ ಮೇಲಿನವರು ಪತ್ರ ನೋಡುವುದಿಲ್ಲ, ಬಣ್ಣ ನೋಡುತ್ತಾರೆ ಎಂದರು. ಒಂದು ದಾರಿಯಿದೆ. ಅವಧಿಯ ಲೆಕ್ಕ ಮುಗಿಯುವ ಶನಿವಾರ ಸಂಜೆ ಆರರೊಳಗೆ ಗುಬ್ಬಿ ತನ್ನದೇ ದನಿಯಲ್ಲಿ ಒಂದು ಪಾಠ ಓದಬೇಕು, ಹೇಗೆ ಬೇಕಾದರೂ ಓದಲಿ, ತಡವರಿಸಲಿ, ನಾಲ್ಕು ಪದ ಹೇಳಿ ನಿಲ್ಲಿಸಲಿ. ಕೆಂಪು ಬರುತ್ತದೆ. ಹಸಿರಿನಿಂದ ಕೆಂಪಿಗೆ ಬಿದ್ದ ಮಗುವನ್ನು ಬಿಡುವಂತಿಲ್ಲ, ಆ ಟೀಚರನ್ನು ಮತ್ತೆ ಕೇಳಬಹುದು. ಈ ಸಲವೂ ನೀವೇ ಓದಿದರೆ ಮಾತ್ರ, ಗೊತ್ತಿದ್ದೂ ನಾನು ಅದಕ್ಕೆ ಸಹಿ ಹಾಕಲಾರೆ ಎಂದರು.

“ಓದದೇ ಇದ್ರೆ?” ಎಂದೆ.

“ಬೂದು ಅಂದ್ರೆ ಗೈರುಹಾಜರಿ ಅಂತ ಲೆಕ್ಕ. ಮಗುವಿಗೆ ಮಾತು ಬರಲ್ಲ ಅಂತ ಅದಕ್ಕೆ ಗೊತ್ತಾಗೋದು ಮಗು ಮಾತಾಡಿದ್ರೆ ಮಾತ್ರ.” ಹೇಳುತ್ತಿದ್ದಂತೆ ಅವರಿಗೇ ತಮ್ಮ ಮಾತು ಕೇಳಿಸಿತೇನೋ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಉಜ್ಜಿಕೊಂಡರು.

ಅವತ್ತೇ, ಗುರುವಾರ ಸಂಜೆ, ಗುಬ್ಬಿಗೆ ಹೇಳಿದೆ, ಇವತ್ತು ನೀನೇ ಓದಬೇಕು ಮಗಳೇ, ಕೆಟ್ಟದಾಗಿ ಓದಿದರೆ ಇನ್ನೂ ಒಳ್ಳೆಯದು ಎಂದು. ಅವಳಿಗೆ ಅದು ಆಟದಂತೆ ಕಂಡಿತು. ಕೂತಳು, ಗುಂಡಿ ಒತ್ತಿದಳು, ಬಾಯಿ ತೆರೆದಳು. ಏನೂ ಬರಲಿಲ್ಲ. ಧ್ವನಿ ಕೇಳಿಸಲಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ ಎಂದಿತು ಅದು, ಹೆಣ್ಣಿನ ದನಿಯಲ್ಲಿ, ಬಹಳ ವಿನಯವಾಗಿ. ಶುಕ್ರವಾರ ನಾನು ಎದುರಿಗಿದ್ದರೆ ಆಗುವುದಿಲ್ಲವೇನೋ ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಗೋಡೆಯಾಚೆ ಅದೇ ವಿನಯದ ದನಿ ಒಂಬತ್ತು ಸಲ ಕೇಳಿಸಿತು. ಹತ್ತನೆಯದಕ್ಕೆ ಒಳಗೆ ಹೋಗಿ ಟ್ಯಾಬನ್ನು ಮುಚ್ಚಿದೆ. ಅವಳ ಕುತ್ತಿಗೆಯ ನರಗಳು ಉಬ್ಬಿದ್ದವು, ಫ್ರಾಕಿನ ಬೆನ್ನು ಬೆವರಿಗೆ ಅಂಟಿಕೊಂಡಿತ್ತು.

ಶನಿವಾರ ಮಧ್ಯಾಹ್ನ ಅವಳು ಓದಲು ಕೂರಲಿಲ್ಲ. ನಾನು ಹಾಸಿಗೆಯ ಮೇಲೆ ಒಣಗಿದ ಬಟ್ಟೆ ವಿಂಗಡಿಸುತ್ತಿದ್ದೆ. ಬಂದು ಕಾಲುಚೀಲಗಳ ಜೋಡಿ ಹುಡುಕಿ ಕೊಡತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, ಟೀಚರ್ ಯಾಕೆ ಹೋದರು ಎಂದು ಕೇಳಿದಳು. ಸುಳ್ಳು ಹೇಳಿ ಹೇಳಿಯೇ ಇಲ್ಲಿಗೆ ಬಂದದ್ದು ಎಂದುಕೊಂಡು ನಿಜವನ್ನೇ ಹೇಳಿದೆ. ನೀನು ಈಗ ಚೆನ್ನಾಗಿ ಮಾತಾಡ್ತೀಯ, ಇನ್ನು ಅವರು ಬೇಕಾಗಿಲ್ಲ ಅಂತ ಶಾಲೆಯವರು ತಿಳಿದುಕೊಂಡರು ಎಂದೆ.

ಅವಳು ಕೈಯಲ್ಲಿದ್ದ ಕಾಲುಚೀಲವನ್ನು ಒಳಹೊರಗೆ ಮಾಡುತ್ತಾ ಯೋಚಿಸಿದಳು.

“ಹೋದ ಸಲ ನಾನು ಅವರ ಹತ್ರ ತುಂಬಾ ಮಾತಾಡ್ಬಿಟ್ಟೆ” ಎಂದಳು. “ಬೆಲ್ ಆದ್ಮೇಲೂ ಮಾತಾಡ್ತಿದ್ದೆ.”

“ಅದಕ್ಕಲ್ಲ ಮಗಳೇ. ನಾನು ಓದಿದ್ದಕ್ಕೆ. ತಪ್ಪು ನನ್ನದು.”

“ನೀನೂ ಮಾತಾಡ್ದೆ, ನಾನೂ ಮಾತಾಡ್ದೆ. ಅದಕ್ಕೇ ಹೋದ್ರು.” ನನ್ನನ್ನು ಬೈಯುವ ದನಿಯಲ್ಲ. ಲೆಕ್ಕಕ್ಕೆ ಉತ್ತರ ಸಿಕ್ಕ ಮಗುವಿನ ದನಿ.

ನಾನು ಅವಳನ್ನು ಎಳೆದು ತಬ್ಬಿಕೊಂಡೆ, ಹಾಗಲ್ಲ, ಹಾಗಲ್ಲ ಎಂದು ಎಷ್ಟೋ ಸಲ ಹೇಳಿದೆ. ಅವಳು ತಲೆಯಾಡಿಸಿದಳು, ನನಗೆ ಬೇಸರವಾಗದಿರಲಿ ಎಂದು. ಬಟ್ಟೆ ರಾಶಿಯ ನಡುವೆ ಇಬ್ಬರೂ ಕೂತೇ ಇದ್ದೆವು. ಗಡಿಯಾರ ಆರು ದಾಟಿತು.

ಆಮೇಲಿನದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಬೆಳಗಿನ ಮಾತು ಕಡಿಮೆಯಾಯಿತು. ತಲೆ ಬಾಚುವಾಗ ಸಿಕ್ಕು ಎಳೆದರೂ ಹಾ ಎನ್ನಲಿಲ್ಲ. ಅಪ್ಪ ಏನಾದರೂ ಕೇಳಿದರೆ ನನ್ನ ಕಡೆ ನೋಡುತ್ತಿದ್ದಳು. ಮಗು ದೊಡ್ಡದಾಗುತ್ತಿದೆ, ಗಂಭೀರವಾಗಿದೆ ಎಂದು ಅವರು ಸ್ವಲ್ಪ ದಿನ ಅಂದುಕೊಂಡರು. ನಾನು ಎಲ್ಲವನ್ನೂ ಹೇಳಿದ ದಿನ ಅವರು ಬೈಯಲಿಲ್ಲ. ಡಿಪೋದಿಂದ ಆ ಕಾಗದವನ್ನು ತಂದು ಕಪಾಟಿನಲ್ಲಿ ಹಾಳೆಯ ಕೆಳಗೆ ಇಟ್ಟರು. ಬುಧವಾರದ ಟೀಚರ್‌ಗೆ ನಾನು ಫೋನ್ ಮಾಡಿದೆ. ಅವರು ಆ ಕಡೆಯಿಂದ ಬಹಳ ಹೊತ್ತು ಕೇಳಿಸಿಕೊಂಡರು. ರಜೆಯಲ್ಲಿ ಒಂದು ದಿನ ಮನೆಗೇ ಬಂದರು ಕೂಡ, ಪೆನ್ಸಿಲ್ ಡಬ್ಬಿ ಹಿಡಿದು. ಹಳದಿಯನ್ನು ಕಪ್ಪು ಎಂದರು, ಮನೆಗೆ ಬಾಗಿಲೇ ಬರೆಯಲಿಲ್ಲ. ಗುಬ್ಬಿ ನಗುಮುಖ ಮಾಡಿಕೊಂಡು ನೋಡುತ್ತಿದ್ದಳು. ಹೋಗುವಾಗ ಟೀಚರ್ ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಮುಖ ನೋಡಲಿಲ್ಲ.

ಶಾಲೆಯಲ್ಲಿ ಟೈಪ್ ಮಾಡುವುದನ್ನು ಕಲಿಸಿದ್ದಾರೆ. ಅದರಲ್ಲಿ ಅವಳೇ ಎಲ್ಲರಿಗಿಂತ ಮುಂದು. ಹೊಸ ಕಾಗದದಲ್ಲಿ ಡಿಜಿಟಲ್ ಕೌಶಲ ಅತ್ಯುತ್ತಮ ಎಂದು ಬಂದಿದೆ. ಊಟಕ್ಕೆ ಕೂತಾಗ ಟ್ಯಾಬನ್ನು ತಟ್ಟೆಯ ಪಕ್ಕ ಇಟ್ಟುಕೊಳ್ಳುತ್ತಾಳೆ. ಸಾಕು. ಇನ್ನೊಂದು ಸ್ವಲ್ಪ. ಶೂ ಬಿಗಿಯಾಗ್ತಿದೆ. ಒಂದಕ್ಷರ ತಪ್ಪಿರುವುದಿಲ್ಲ. ಮೊದಮೊದಲು, ಬಾಯಲ್ಲಿ ಹೇಳು ಕಂದಾ ಎನ್ನುತ್ತಿದ್ದೆ. ಹಾಗೆಂದಾಗಲೆಲ್ಲ ಬರೆದದ್ದನ್ನೂ ಅಳಿಸಿಬಿಡುತ್ತಿದ್ದಳು. ಈಗ ಹೇಳುವುದಿಲ್ಲ.

ಇನ್ನೊಂದು ಕೋಣೆಯಿಂದ ಅವಳನ್ನು ಕೂಗಿ ಕರೆಯುವುದನ್ನೂ ಬಿಟ್ಟಿದ್ದೇನೆ. ಏನಾದರೂ ಕೇಳಬೇಕಾದರೆ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಅವಳಿದ್ದಲ್ಲಿಗೆ ಹೋಗಿ ಎದುರು ನಿಲ್ಲುತ್ತೇನೆ. ಅವಳು ಬರೆದು ಮುಗಿಸುವವರೆಗೆ ಕಾಯುತ್ತೇನೆ.