ಎರಡನೆಯ ಬೀಪ್

ಒಂದು ಟಕ್, ಬೆನ್ನಿಗೇ ಇನ್ನೊಂದು — ಬೆರಳಿಗೆ ತಾಗಿದ್ದು ಎರಡು, ಕಿವಿಗೆ ಬಿದ್ದದ್ದು ಒಂದೇ, ಭ್ರಮೆ ಇರಬೇಕು, ಫ್ರಿಜ್ಜಿನ ಗುಂಯ್ ಇರಬೇಕು ಎಂದು ಆರ್ಲೆನ್ ಎದ್ದು ಗ್ಯಾರೇಜಿನ ಹಳೇ ಫ್ರಿಜ್ಜಿನ ವಯರು ಕಿತ್ತ, ಮತ್ತೆ ಬಂದು ಕೂತ, ಪ್ರೊಪೆಲ್ಲರ್ ಬಿಚ್ಚಿಟ್ಟಿದೆ ತಾನೆ, ಬಿಚ್ಚಿಟ್ಟಿದೆ, ಬೆರಳು ಕೊಯ್ದುಕೊಂಡವರ ಕಥೆ ಆಟದ ವಿಮಾನ ಹಾರಿಸುವವರ ಕ್ಲಬ್ಬಿನಲ್ಲಿ ಎಷ್ಟಿಲ್ಲ, ರಿಮೋಟಿನ ಕಡ್ಡಿಯನ್ನು ತುದಿಯವರೆಗೆ ಮೇಲೆ ದೂಡಿ ಬ್ಯಾಟರಿ ಸಿಕ್ಕಿಸಿದ, ಎಡಗೈಯ ಬೆರಳು ಮೋಟಾರಿನ ಮೈಮೇಲೆ, ಈಗ ಹಾಡು ಶುರು. ಈ ಸ್ಪೀಡ್ ಕಂಟ್ರೋಲರ್ ಎಂಬುದು ಬೆಂಕಿಪೊಟ್ಟಣದಷ್ಟು ಇದೆ, ಬ್ಯಾಟರಿಗೂ ಮೋಟಾರಿಗೂ ನಡುವೆ ಕೂತು ಯಜಮಾನಿಕೆ ಮಾಡುತ್ತದೆ, ಬಾಯಿಲ್ಲದ್ದಕ್ಕೆ ಮೋಟಾರನ್ನೇ ಬಾಯಿ ಮಾಡಿಕೊಂಡು ಬೀಪ್ ಬೀಪ್ ಎಂದು ಕೇಳುತ್ತದೆ, ಹಾರುತ್ತಿರುವಾಗ ಬ್ಯಾಟರಿ ಬಸವಳಿದರೆ ಏನು ಮಾಡಲಿ ಎಂದು, ತಗ್ಗಿನ ದನಿಯ ಒಂದೇ ಬೀಪ್ ಎಂದರೆ ಮೋಟಾರನ್ನು ಮೆಲ್ಲಗೆ ಇಳಿಸುತ್ತೇನೆ, ತಗ್ಗಿನದರ ಬೆನ್ನಿಗೆ ಕೀಚಲು ದನಿಯ ಇನ್ನೊಂದು ಬಂದರೆ ಥಟ್ಟನೆ ನಿಲ್ಲಿಸಿಬಿಡುತ್ತೇನೆ, ಒಂದೊಂದನ್ನೂ ಮೂರು ಸಲ ಹಾಡಿ ಮುಂದಿನದಕ್ಕೆ ದಾಟುತ್ತದೆ, ಬೇಕಾದದ್ದು ಕೇಳಿಸಿದಾಗ ಕಡ್ಡಿಯನ್ನು ಕೆಳಗೆ ಎಳೆದರೆ ಆಯಿತು, ಮಕ್ಕಳಾಟ. ಒಂದು, ಒಂದು, ಒಂದು, ಕಿವಿ ಎಣಿಸುತ್ತಿದೆ, ಬೆರಳಿಗೂ ಒಂದು, ಒಂದು, ಒಂದು, ಸರಿಯಾಗಿದೆಯಲ್ಲ — ಕಿವಿಗೆ ಮತ್ತೆ ಒಂದು, ಬೆರಳಿಗೆ ಟಕ್-ಟಕ್, ಕಿವಿಗೆ ಒಂದು, ಬೆರಳಿಗೆ ಟಕ್-ಟಕ್. ಕೀಚಲಿನದು ಕಿವಿಗೆ ಬೀಳುತ್ತಲೇ ಇಲ್ಲ, ಅವನು ಬ್ಯಾಟರಿ ಕಿತ್ತಿಟ್ಟ.

ಹೊಸದಾಗಿ ಕ್ಲಬ್ಬು ಸೇರಿದ ಮೇಷ್ಟ್ರದ್ದು ಇದು, ನೀವು ಕಿವಿಯಲ್ಲೇ ಹೊಂದಿಸ್ತೀರಂತೆ ಸಾರ್, ಪುಸ್ತಕಾನೂ ನೋಡಲ್ವಂತೆ ಎಂದು ಡಬ್ಬಿಯಲ್ಲಿಟ್ಟು ಕೊಟ್ಟುಹೋಗಿದ್ದಾರೆ, ಇದೇ ಬಗೆಯದು ಕ್ಲಬ್ಬಿನಲ್ಲಿ ಮತ್ತೊಬ್ಬನ ಹತ್ತಿರ ಮಾತ್ರ ಇತ್ತು, ಲೈಲ್ ಬ್ರೆಕ್ಕೆ, ಕಳೆದ ಸೆಪ್ಟೆಂಬರ್, ಇದೇ ಮೇಜು, ಲೈಲ್ ತಂದಿದ್ದ ರೂಬಾರ್ಬ್ ಎಂಬ ಹುಳಿದಂಟಿನ ಕಡುಬಿನ ಚೂರುಗಳು ಮೇಜಿನ ತುಂಬ, ಮೆಲ್ಲಗೆ ಇಳಿಯೋ ಥರ ಮಾಡು ಮಾರಾಯ, ವಯಸ್ಸಾಯ್ತು, ನಂಗೂ ಮುಂಚೆ ಸೂಚನೆ ಬೇಕು ಅಂದಿದ್ದ ಅವನು. ಮಾಡಿಕೊಟ್ಟೆನಲ್ಲ. ಒಂದೇ ಸಲಕ್ಕೆ ಕಡ್ಡಿ ಎಳೆಯುವವನಲ್ಲ ಆರ್ಲೆನ್, ಖಾತ್ರಿಗೆ ಐದಾರು ಸಲ ಹಾಡಲು ಬಿಟ್ಟು ಆಮೇಲೆ ಎಳೆಯುವವನು, ಜಾಗರೂಕ, ಅಷ್ಟರಲ್ಲಿ ಅದು ಎರಡನೆಯದಕ್ಕೆ ದಾಟಿತ್ತು, ಆ ಜಾಗರೂಕತೆಗೆ ಬೆಂಕಿ ಬೀಳಲಿ, ಮೊದಲನೆಯದಕ್ಕೇ ಎಳೆದಿದ್ದರೆ ಮುಗಿದಿತ್ತು. ವೇಗ ಇಳೀತಾ ಬಂದ್ರೆ ಗಾಬರಿ ಬೀಳ್ಬೇಡ, ಕಡ್ಡಿ ಮೇಲಕ್ಕೆ ಒತ್ತು, ನೆಲ ಮುಟ್ಟೋವಷ್ಟು ಕೊಡುತ್ತೆ ಎಂದು ಪಾಠ ಬೇರೆ ಹೇಳಿ ಕಳಿಸಿದ್ದ. ಶನಿವಾರ ಬೀಟ್ ಹೊಲದ ಮೇಲೆ ಹಳದಿ ವಿಮಾನ ಎರಡನೇ ಸುತ್ತು ಮುಗಿಸುತ್ತಿತ್ತು, ಸದ್ದು ನಿಂತಿತು, ಇಳಿಯಲಿಲ್ಲ, ನಿಂತಿತು, ಲೈಲ್ ಹೆಬ್ಬೆರಳಲ್ಲಿ ಕಡ್ಡಿಯನ್ನು ಮೇಲಕ್ಕೆ ಒತ್ತಿ ಹಿಡಿದಿದ್ದ, ಉಗುರು ಬೆಳ್ಳಗಾಗುವಷ್ಟು, ಮೇಲೆ ಒತ್ತಲು ಇನ್ನು ಜಾಗವೇ ಇರಲಿಲ್ಲ, ವಿಮಾನ ಮೂಗು ಮುಂದಾಗಿ ಕಾಲುವೆಗೆ ಬಿತ್ತು, ಸಿಕ್ಕಿದ್ದು ರೆಕ್ಕೆಯೊಂದೇ.

ನಾನು ನಿಲ್ಲಿಸ್ಲಿಲ್ಲ ಕಣೋ, ಅದಾಗೇ ನಿಂತೋಯ್ತು, ಅಂದ ಲೈಲ್. ಎಲ್ಲರೂ ಆರ್ಲೆನ್ ಕಡೆ ನೋಡಿದರು, ಇಪ್ಪತ್ತೆರಡು ವರ್ಷದಿಂದ ಹಾಗೆಯೇ ನೋಡುತ್ತಾರೆ, ಸಕ್ಕರೆ ಕಾರ್ಖಾನೆಯಲ್ಲಿ ಯಾವ ಬೇರಿಂಗು ಸಾಯುತ್ತಿದೆ ಎಂದು ದೂರದಿಂದಲೇ ಹೇಳುತ್ತಿದ್ದವನಲ್ಲವೇ, ಅವನು ತಲೆ ಎತ್ತಿ ಹೇಳಿದ, ನಾನೇ ಹೊಂದಿಸಿದ್ದು, ಅದು ಹಾಗೆಲ್ಲ ನಿಲ್ಲಲ್ಲ. ಮುಗಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರೋ ನಕ್ಕರು, ಆರ್ಲೆನ್ ಕೂಡ ನಕ್ಕ, ನೆಲ ನಿಜಕ್ಕೂ ಡೊಂಕಾಗಿತ್ತಲ್ಲ, ಡೊಂಕು ಮಾಡಿದವನು ನಕ್ಕನಲ್ಲ. ಒಂದು ವಾರ ಬಿಟ್ಟು ಕಾಫಿ ಕುಡಿಯುತ್ತ ಲೈಲ್ ತಾನಾಗಿಯೇ ಹೇಳಿದ, ನೀನು ಹೇಳಿದ್ಮೇಲೆ ಇನ್ನೇನು, ನನ್ ಕೈಗೇ ಏನೋ ಆಗಿರ್ಬೇಕು, ಏನ್ ಮಾಡ್ತಿದೀನಿ ಅಂತ ನಂಗೇ ಗೊತ್ತಾಗ್ದೆ ಕಡ್ಡಿ ಇಳಿಸಿರ್ಬೇಕು, ನಾಳೆ ಕಾರಲ್ಲಿ ಹಿಂಗೇ ಆದ್ರೆ ಯಾರ್ದೋ ಮಗು. ಅಕ್ಟೋಬರಿನಲ್ಲಿ ಕಾರಿನ ಕೀಲಿ ಮಗಳು ಕಾರ್ಲೀನಳ ಕೈಗೆ. ಈಗ ಮನೆಯೂ ಬೇಡವಂತೆ, ಶುಕ್ರವಾರ ಫಾರ್ಗೋ ಊರಿನ ವೃದ್ಧಾಶ್ರಮಕ್ಕಂತೆ, ಇವತ್ತು ಬುಧವಾರ, ಬುಧವಾರದ ಕಾಫಿಯ ಮೇಜಿನಲ್ಲಿ ಆರ್ಲೆನ್ ಒಬ್ಬನೇ ಕೂತು ಬಂದಿದ್ದಾನೆ, ಬೆಳಗಿನಿಂದ ಅವನು ಮಾತಾಡಿದ್ದು ಇನ್ನೊಂದು ಕಪ್ ಎಂದಷ್ಟೇ. ಹೇಳಿದರೆ ಏನಾಗುತ್ತದೆ, ಆರ್ಲೆನ್‌ಗೆ ಕಿವಿ ಹೋಗಿದೆಯಂತೆ ಎಂದು ಸಂಜೆಯೊಳಗೆ ಕ್ಲಬ್ಬೆಲ್ಲ ಆಡಿಕೊಳ್ಳುತ್ತದೆ, ಮೇಷ್ಟ್ರು ನಯವಾಗಿ ಡಬ್ಬಿ ವಾಪಸು ಒಯ್ಯುತ್ತಾರೆ, ಈ ಮನೆಗೆ ಜನ ಬರುತ್ತಿದ್ದದ್ದೇ ಅದಕ್ಕೆ, ಡಬ್ಬಿ ಹಿಡಿದುಕೊಂಡು, ಇನ್ನೊಂದು ಕಾರಣ ಯೋಚಿಸು ನೋಡೋಣ, ಇಲ್ಲ, ಇನ್ನೊಂದಿಲ್ಲ. ಹೇಳದಿದ್ದರೆ? ಶುಕ್ರವಾರ ಮುಗಿದರೆ ಹೇಳಬೇಕಾದ ಪ್ರಮೇಯವೇ ಬರುವುದಿಲ್ಲ, ಕಾಲುವೆ ಸಾಕ್ಷಿ ನುಂಗಿದೆ, ಲೈಲ್‌ಗೆ ಎಂಬತ್ತು ದಾಟಿತು, ಇವತ್ತಲ್ಲ ನಾಳೆ ಕೀಲಿ ಕೊಡಲೇಬೇಕಿತ್ತು — ಥೂ, ಎಷ್ಟು ಸಲೀಸಾಗಿ ಬರುತ್ತದೆ ಸಮಾಧಾನ, ಉಗುರು ಬೆಳ್ಳಗಾಗಿತ್ತು, ನೋಡಿದ್ದೆ, ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದ್ದೆ, ಕಡ್ಡಿ ಮೇಲಿತ್ತು ಎಂದು ಅವತ್ತೇ ಹೇಳಬಹುದಿತ್ತು, ಕಿವಿಯ ಮೇಲೆ ಅಷ್ಟು ನಂಬಿಕೆ, ಕಣ್ಣು ಕಂಡದ್ದನ್ನೂ ನಂಬಲಿಲ್ಲ.

ಫೋನು ಎತ್ತಿದ್ದು ಯಾವಾಗ, ಅಡುಗೆಮನೆಗೆ ಬಂದದ್ದು ಯಾವಾಗ, ಆಚೆ ಲೈಲ್‌ನ ದಪ್ಪ ದನಿ, ಪೆಟ್ಟಿಗೆ ಕಟ್ತಾ ಇದೀವಿ, ಹಳೇ ರೇಡಿಯೋ ಬೇಕಾದ್ರೆ ಬಂದು ತಗೊಂಡೋಗು ಎನ್ನುತ್ತಿತ್ತು, ಆರ್ಲೆನ್ ನಡುವೆ ಬಾಯಿ ಹಾಕಿದ, ಒಂದೇ ಉಸಿರಿಗೆ ಹೇಳಿದ, ಬೀಪು, ಬೆರಳು, ಥಟ್ಟನೆ ನಿಲ್ಲುವಂತೆ ಹೊಂದಿಸಿದ್ದು ತಾನೇ, ಮೋಟಾರು ಅದಾಗೇ ನಿಂತದ್ದು ನಿಜ, ನೀನು ಹೇಳಿದ್ದು ನಿಜ. ಆಮೇಲೆ ಏನೂ ಇಲ್ಲ. ಲೈಲ್ ಮಾತಾಡಿದನೋ, ಸುಮ್ಮನಿದ್ದನೋ, ಅಥವಾ ಮೆಲ್ಲಗೆ ಅಂದದ್ದು ಈ ಕಿವಿಯಲ್ಲಿ ಸೋರಿಹೋಯಿತೋ, ಇಷ್ಟು ದಿನ ಹೀಗಾದಾಗಲೆಲ್ಲ ಹೂಂ ಎಂದು ನಕ್ಕು ದಾಟಿಸಿದ್ದ, ಹೂಂ ಎನ್ನಲು ಬಾಯಿ ತೆರೆದ.

ಇನ್ನೊಂದ್ಸಲ ಹೇಳು ಲೈಲ್, ನಂಗೆ ಸರಿಯಾಗಿ ಕೇಳ್ಸಲ್ಲ.

ನನ್ ಕೈ ತಪ್ಪು ಮಾಡ್ಲಿಲ್ಲ ಅಂತೀಯಾ, ಎಂದಿತು ಆಚೆಯ ದನಿ, ಬಿಡಿಸಿ ಬಿಡಿಸಿ, ಗಟ್ಟಿಯಾಗಿ.

ಇಲ್ಲ, ನೀನು ಕೊನೇವರೆಗೂ ಮೇಲಕ್ಕೇ ಒತ್ತಿದ್ದೆ, ನಾನು ನೋಡ್ದೆ. ಮತ್ತೆ ಮೌನ, ಈ ಸಲ ಅದು ಕಿವಿಯ ದೋಷವಲ್ಲ ಎಂದು ಅವನಿಗೆ ಗೊತ್ತು, ಏನಾದರೂ ಅನ್ನು ಲೈಲ್, ಬಯ್ಯಿ, ಕಾರು ಮಾರಿಯಾಯಿತಾ, ಕಾರ್ಲೀನಳಿಗೆ ನಾನೇ ಹೇಳಲಾ, ಶುಕ್ರವಾರ ಇನ್ನೂ ಬಂದಿಲ್ಲವಲ್ಲ, ಏನಾದರೂ — ಸದ್ದು ನಿಂತ ಆಕಾಶ, ಕಡ್ಡಿಯ ಮೇಲೆ ಆ ಹೆಬ್ಬೆರಳು, ಮೇಲಕ್ಕೆ, ಮೇಲಕ್ಕೆ, ಬೆಳ್ಳಗಾದ ಉಗುರು.